ಕಣಕ ನೆನೆಯುವ ಹೊತ್ತು

ಯುಗಾದಿಯ ದಿನ ಬೆಳಗ್ಗೆ ನಮ್ಮ ಅಜ್ಜಿ ಸ್ನಾನ ಮುಗಿಸಿ ಅಡುಗೆಮನೆಗೆ ಬಂದವಳೇ ಮೊದಲು ಮಾಡುತ್ತಿದ್ದ ಕೆಲಸ ಕಣಕ ಕಲಸುವುದು. ಒಲೆ ಇನ್ನೂ ಹೊತ್ತಿರುತ್ತಿರಲಿಲ್ಲ; ಬೇಳೆ ಇನ್ನೂ ಮೊರದಲ್ಲಿರುತ್ತಿತ್ತು. ಕಣಕವನ್ನು ಚೆನ್ನಾಗಿ ನಾದಿ, ಮೇಲೆ ಎಣ್ಣೆ ಹೊಯ್ದು, ತಟ್ಟೆ ಮುಚ್ಚಿ ಮೂಲೆಗೆ ಸರಿಸಿದ ಮೇಲೆಯೇ ಉಳಿದ ಮಾತು. ಒಂದು ವರ್ಷ, ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮ ಚಿಕ್ಕಮ್ಮ, "ಅತ್ತೆ, ಮೊದಲು ಬೇಳೆಗೆ ಇಡಬಾರದೆ? ಬೇಯುವುದಕ್ಕೆ ಹೊತ್ತು ಹಿಡಿಯುತ್ತದೆ" ಎಂದು ಕೇಳಿದ್ದು ನನಗೆ ನೆನಪಿದೆ. "ಬೇಳೆಗೆ ಉರಿ ಜೋರು ಮಾಡಬಹುದಮ್ಮ. ಕಣಕವನ್ನು ಓಡಿಸುವವರು ಯಾರು?" ಎಂದಿದ್ದಳು ಅಜ್ಜಿ.

ಈ ಮಾತಿನ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಕಟ್ಟಡಗಳ ಕೆಲಸಕ್ಕೆ ಕಿರಿಯ ಇಂಜಿನಿಯರನಾಗಿ ಸೇರಿ, ತರಬೇತಿಯ ತರಗತಿಯೊಂದರಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದಾಗ. ಉಪನ್ಯಾಸಕರು ಕಪ್ಪು ಹಲಗೆಯ ಮೇಲೆ ವೃತ್ತಗಳನ್ನೂ ಬಾಣಗಳನ್ನೂ ಬರೆದು, ಅವುಗಳ ನಡುವೆ ಕೆಂಪು ಸೀಮೆಸುಣ್ಣದಿಂದ ಒಂದು ದಾರಿಯನ್ನು ತಿದ್ದಿ, ಇದು 'ಕ್ರಿಟಿಕಲ್ ಪಾತ್' ಎಂದರು. ನಿರ್ಣಾಯಕ ಪಥ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಅಮೆರಿಕದಲ್ಲಿ ಗಣಕಯಂತ್ರದ ನೆರವಿನಿಂದ ಕಂಡುಹಿಡಿದದ್ದು ಎಂದು ಅವರು ಹೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ತಟ್ಟೆ ಮುಚ್ಚಿದ ಕಣಕ.

ಲೆಕ್ಕವನ್ನು ಹೋಳಿಗೆಯ ಮೇಲೆಯೇ ಮಾಡಿ ನೋಡೋಣ. ಕಣಕ ಕಲಸುವುದಕ್ಕೆ 15 ನಿಮಿಷ, ಅದು ನೆನೆಯುವುದಕ್ಕೆ 120 ನಿಮಿಷ. ಇತ್ತ ಬೇಳೆ ಬೇಯುವುದಕ್ಕೆ 45, ಬಸಿದು ಬೆಲ್ಲ ಹಾಕಿ ಕುದಿಸುವುದಕ್ಕೆ 20, ಆರುವುದಕ್ಕೆ 20, ಒರಳಿನಲ್ಲಿ ರುಬ್ಬುವುದಕ್ಕೆ 30. ಅಂದರೆ ಕಣಕದ ದಾರಿ 135 ನಿಮಿಷದ್ದು, ಹೂರಣದ ದಾರಿ 115 ನಿಮಿಷದ್ದು. ಎರಡೂ ಕೂಡಿದ ಮೇಲೆ ತಟ್ಟಿ ಬೇಯಿಸುವುದಕ್ಕೆ 60 ನಿಮಿಷ. ಹನ್ನೆರಡಕ್ಕೆ ಎಲೆ ಹಾಕಬೇಕಾದರೆ 8-45ಕ್ಕೆ ಕಣಕಕ್ಕೆ ಕೈ ಹಾಕಲೇಬೇಕು. ಬೇಳೆಯನ್ನು 9-05ರವರೆಗೆ ತಡೆಯಬಹುದು. ಆ 20 ನಿಮಿಷ ಬೇಳೆಗಿರುವ ಸಾವಕಾಶ. ಕಣಕಕ್ಕೆ ಸಾವಕಾಶವೇ ಇಲ್ಲ. ಆದ್ದರಿಂದ ಅದೇ ನಿರ್ಣಾಯಕ ಪಥ. ನೀವು ಕುಕ್ಕರು ತಂದು 45 ನಿಮಿಷದ ಬೇಳೆಯನ್ನು 20 ನಿಮಿಷದಲ್ಲಿ ಬೇಯಿಸಿದಿರಿ ಎನ್ನಿ. ಊಟ ಒಂದು ನಿಮಿಷವೂ ಮುಂಚೆ ಆಗುವುದಿಲ್ಲ. ಆದರೆ ನೆಂಟರೊಡನೆ ಮಾತಿಗೆ ನಿಂತು, ಅದೇ ಹಳೆಯ ಪಾತ್ರೆಯಲ್ಲಿ, ಬೇಳೆಗೆ ಇಡುವುದನ್ನು 9-30ಕ್ಕೆ ಹಾಕಿದರೆ ಊಟ 12-25ಕ್ಕೆ ಹೋಗುತ್ತದೆ. ಆಗ ನಿರ್ಣಾಯಕ ಪಥ ಕಣಕವನ್ನು ಬಿಟ್ಟು ಹೂರಣವನ್ನು ಹಿಡಿಯುತ್ತದೆ. ಈ ಶಾಸ್ತ್ರದ ತಿರುಳು ಇಷ್ಟೆ. ಇದರಲ್ಲಿ ಸೋಜಿಗವೆಂದರೆ, ಇಡೀ ಅಡುಗೆಮನೆಯನ್ನು ಹಿಡಿದು ನಿಲ್ಲಿಸಿರುವುದು ಬೆವರು ಸುರಿಸಿ ರುಬ್ಬುತ್ತಿರುವವರ ಕೆಲಸವಲ್ಲ, ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಹಿಟ್ಟಿನ ಮುದ್ದೆ.

ಹೋಳಿಗೆಯಲ್ಲಿ ಆರೇಳು ಕೆಲಸ. ಒಂದು ರಾಸಾಯನಿಕ ಕಾರ್ಖಾನೆಯನ್ನು ಕಟ್ಟುವುದರಲ್ಲಿ ನೂರಾರು. ಅಲ್ಲಿ ಯಾವುದು ಕಣಕ, ಯಾವುದು ಬೇಳೆ ಎಂದು ಅನುಭವಸ್ಥನೂ ಹೇಳಲಾರ. ಅಮೆರಿಕದ ಡೆಲವೇರ್ ಸಂಸ್ಥಾನದ ವಿಲ್ಮಿಂಗ್‌ಟನ್ ನಗರದಲ್ಲಿ ನೆಲೆಸಿದ ಡುಪಾಂಟ್ ಕಂಪನಿಗೆ 1950ರ ದಶಕದಲ್ಲಿ ಎದುರಾದದ್ದು ಈ ತೊಡಕು. ಕಂಪನಿ ಹೊಸ ಹೊಸ ಕಾರ್ಖಾನೆಗಳನ್ನು ಕಟ್ಟುತ್ತಿತ್ತು. ಅವರ ಬಳಿ ಒಂದು ಯೂನಿವ್ಯಾಕ್ ಗಣಕಯಂತ್ರವೂ ಇತ್ತು. ಕೋಣೆ ತುಂಬುವಷ್ಟು ದೊಡ್ಡದು, ಬಲು ದುಬಾರಿ. ಅದಕ್ಕೆ ಇನ್ನೂ ಏನು ಕೆಲಸ ಕೊಡಬಹುದು ಎಂಬ ಯೋಚನೆಯೂ ಅವರಿಗೆ ಇತ್ತು. 1957ರಲ್ಲಿ ಡುಪಾಂಟ್‌ನ ಇಂಜಿನಿಯರ್ ಮಾರ್ಗನ್ ವಾಕರ್, ಯಂತ್ರವನ್ನು ಮಾರಿದ್ದ ರೆಮಿಂಗ್‌ಟನ್ ರ್‍ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲ್ಲಿ, ಇಬ್ಬರೂ ಕೂಡಿ ಕುಳಿತರು.

ಕೆಲಸಗಳ ಅವಧಿಯನ್ನು ಚಿತ್ರದಲ್ಲಿ ತೋರಿಸುವುದು ಹೊಸದೇನೂ ಆಗಿರಲಿಲ್ಲ. ಹೆನ್ರಿ ಗ್ಯಾಂಟ್ ಎಂಬಾತನ ಹೆಸರಿನ ಪಟ್ಟಿಗಳು ಮೊದಲ ಮಹಾಯುದ್ಧದ ಕಾಲದಿಂದ ಬಳಕೆಯಲ್ಲಿದ್ದವು. ಪೋಲೆಂಡಿನ ಕರೋಲ್ ಆದಾಮಿಯೆಕ್ಕಿ ಅದಕ್ಕೂ ಮೊದಲೇ ಅಂಥದೊಂದನ್ನು ರೂಪಿಸಿದ್ದ. ಪಾಪ, ಅದರ ಬಗ್ಗೆ ಆತ ಬರೆದ ಲೇಖನ 1931ರಲ್ಲಿ ಪೋಲಿಷ್ ಭಾಷೆಯಲ್ಲಿ ಬಂದುದರಿಂದ ಪಶ್ಚಿಮದವರು ಓದಲಿಲ್ಲ. (ಸಣ್ಣ ಭಾಷೆಯಲ್ಲಿ ಬರೆಯುವವರ ಪಾಡು ಎಲ್ಲ ಕಡೆಯೂ ಒಂದೇ ಎಂದು ನಾವು ನಿಟ್ಟುಸಿರು ಬಿಡಬಹುದು.) ಗ್ಯಾಂಟ್ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಗೆರೆ, ಎಂದು ಆರಂಭ, ಎಂದು ಮುಕ್ತಾಯ ಎಂಬುದು ಕಾಣುತ್ತದೆ. ಯಾವುದು ಯಾವುದಕ್ಕಾಗಿ ಕಾದಿದೆ ಎಂಬುದು ಮಾತ್ರ ಕಾಣುವುದಿಲ್ಲ. ಕೆಲ್ಲಿ ಮತ್ತು ವಾಕರ್ ಹಿಡಿದದ್ದು ಈ ಕಾಯುವಿಕೆಯನ್ನು. ಪ್ರತಿ ಕೆಲಸದ ಬಗ್ಗೆಯೂ ಅವರು ಕೇಳಿದ್ದು: ಇದು ಶುರುವಾಗುವ ಮೊದಲು ಏನೇನು ಮುಗಿದಿರಬೇಕು? ಇದಕ್ಕೆ ಎಷ್ಟು ದಿನ? ಆತುರಪಡಿಸಿದರೆ ಎಷ್ಟು ದಿನ, ಆಗ ಎಷ್ಟು ಹೆಚ್ಚು ಹಣ?

ಮೂರನೆಯ ಪ್ರಶ್ನೆಯಲ್ಲಿ ಅವರ ವ್ಯಾಪಾರದ ಜಾಣತನವಿತ್ತು. ಕೆಲಸ ಹಿಂದೆ ಬಿದ್ದಾಗ ಮಾಲೀಕರು ಮಾಡುತ್ತಿದ್ದುದು, ಇಂದಿಗೂ ಮಾಡುವುದು, ಎಲ್ಲರನ್ನೂ ಒಟ್ಟಿಗೆ ಓಡಿಸುವುದು; ಎಲ್ಲರಿಗೂ ಓವರ್‌ಟೈಮ್. ನಿರ್ಣಾಯಕ ಪಥದ ಮೇಲಿರುವುದು ಕೆಲವೇ ಕೆಲಸಗಳಾದ್ದರಿಂದ, ಉಳಿದುವಕ್ಕೆ ಸುರಿದ ಹಣವೆಲ್ಲ ಬೇಳೆಗೆ ತಂದ ಕುಕ್ಕರಿನ ಹಾಗೆ. ಯಾವ ಕೆಲಸವನ್ನು ಎಷ್ಟು ಆತುರಪಡಿಸಿದರೆ ಅತಿ ಕಡಿಮೆ ಖರ್ಚಿನಲ್ಲಿ ಒಂದು ದಿನ ಉಳಿಯುತ್ತದೆ ಎಂಬ ಲೆಕ್ಕವನ್ನು ಯೂನಿವ್ಯಾಕ್ ಮಾಡಿಕೊಡುವಂತೆ ಕೆಲ್ಲಿ ಗಣಿತವನ್ನು ಹೊಂದಿಸಿದ. ಅವರು ಆ ದಾರಿಯನ್ನು ಮೊದಲು ಕರೆದದ್ದು 'ಮುಖ್ಯ ಸರಪಳಿ' ಎಂದು. 'ನಿರ್ಣಾಯಕ ಪಥ' ಎಂಬ ಮಾತು ಮುಂದೆ ಹೇಳಲಿರುವ ನೌಕಾಪಡೆಯವರದ್ದೆಂದು ಕೆಲ್ಲಿಯೇ ಒಪ್ಪಿಕೊಂಡಿದ್ದಾನೆ.

ಪರೀಕ್ಷೆ ನಡೆದದ್ದು ಕೆಂಟಕಿ ಸಂಸ್ಥಾನದ ಲೂಯಿವಿಲ್‌ನಲ್ಲಿ. ಮೊದಲು ಒಂದು ಕೋಟಿ ಡಾಲರಿನ ಕಾರ್ಖಾನೆಯೊಂದರ ನಿರ್ಮಾಣಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡಿದರು. ಆಮೇಲೆ ಬಂದದ್ದು ಇನ್ನೂ ಬಿಗಿಯಾದ ಪರೀಕ್ಷೆ. ಕೃತಕ ರಬ್ಬರು ತಯಾರಿಸುವ ಅಲ್ಲಿನ ಕಾರ್ಖಾನೆಯನ್ನು ಆಗಾಗ ನಿಲ್ಲಿಸಿ ದುರಸ್ತಿ ಮಾಡಬೇಕಾಗುತ್ತಿತ್ತು. ನಿಂತ ಪ್ರತಿ ಗಂಟೆಯೂ ನಷ್ಟ. ಈ ದುರಸ್ತಿಗೆ ಸರಾಸರಿ 125 ಗಂಟೆ ಹಿಡಿಯುತ್ತಿದ್ದದ್ದು ಹೊಸ ಕ್ರಮದಿಂದ 93 ಗಂಟೆಗೆ ಇಳಿಯಿತು. 32 ಗಂಟೆ ಎಂದರೆ ಒಂದು ಹಗಲು, ಒಂದು ರಾತ್ರಿ, ಮೇಲೆ ಎಂಟು ಗಂಟೆ. ಕೆಲಸಗಾರರು ಇದಕ್ಕಾಗಿ ಹೆಚ್ಚು ಬೆವರು ಸುರಿಸಬೇಕಾಗಲಿಲ್ಲ. ಸರಿಯಾದ ಕೆಲಸದ ಬಳಿ ಸರಿಯಾದ ಹೊತ್ತಿಗೆ ಜನ ನಿಂತಿದ್ದರು, ಅಷ್ಟೆ.

ಇಂಥ ಜಯದ ಮೇಲೆ ಡುಪಾಂಟ್ ಈ ಕ್ರಮವನ್ನು ತಲೆಯ ಮೇಲೆ ಹೊತ್ತು ಮೆರೆಸಿರಬೇಕೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ. ಆಡಳಿತದಲ್ಲಿ ಜನ ಬದಲಾದರು, ಹೊಸಬರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ಕಂಪನಿ ಕೈಬಿಟ್ಟಿತು. 1959ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದ ಗಣಕಯಂತ್ರ ಸಮ್ಮೇಳನದಲ್ಲಿ ಕೆಲ್ಲಿ, ವಾಕರ್ ತಮ್ಮ ಪ್ರಬಂಧವನ್ನು ಮಂಡಿಸಿದರು. ಎನಿಯಾಕ್ ಗಣಕಯಂತ್ರವನ್ನು ನಿರ್ಮಿಸಿದವರಲ್ಲಿ ಒಬ್ಬನಾದ ಜಾನ್ ಮಾಕ್ಲಿ ಕೆಲಸ ಬಿಟ್ಟು ಅದೇ ವರ್ಷ ಸ್ವಂತ ಕಂಪನಿ ತೆರೆದಿದ್ದ. ಕೆಲ್ಲಿ ಅವನ ಜೊತೆ ಸೇರಿದ. ಇಬ್ಬರೂ ಕಟ್ಟಡದ ಗುತ್ತಿಗೆದಾರರಿಗೆ ಪಾಠ ಹೇಳುತ್ತ ಈ ವಿದ್ಯೆಯನ್ನು ಉಳಿಸಿದರು. ಹುಟ್ಟಿದ ಮನೆಯಲ್ಲಿ ಸಲ್ಲದ ಮಗು ಊರಲ್ಲಿ ಬೆಳೆಯಿತು.

ಹೆಸರು ಬಂದದ್ದು ಮಾತ್ರ ಇನ್ನೊಬ್ಬರಿಗೆ. 1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ಕನ್ನು ಹಾರಿಸಿದರು. ಅಮೆರಿಕದಲ್ಲಿ ಗಾಬರಿ ಹುಟ್ಟಿತು. ನೀರಿನೊಳಗಿರುವ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಎಂಬ ಕ್ಷಿಪಣಿಯನ್ನು ಸಿದ್ಧಗೊಳಿಸುವ ಕೆಲಸ ನೌಕಾಪಡೆಯ ವಿಶೇಷ ಯೋಜನೆಗಳ ಕಚೇರಿಯಲ್ಲಿ ಆಗಲೇ ನಡೆದಿತ್ತು. ಅದರ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ರೇಬರ್ನ್. 1958ರಲ್ಲಿ ಆ ಕಚೇರಿಯವರು, ಬೂಜ್ ಆಲನ್ ಹ್ಯಾಮಿಲ್ಟನ್ ಎಂಬ ಸಲಹೆಗಾರರು, ಲಾಕ್‌ಹೀಡ್ ಕಂಪನಿಯವರು ಕೂಡಿ ಇದೇ ಬಗೆಯ ಜಾಲವೊಂದನ್ನು ಹೆಣೆದರು. ಅದಕ್ಕೆ 'ಪರ್ಟ್' ಎಂದು ಹೆಸರು. ಡುಪಾಂಟ್‌ನವರಿಗೆ ಕಾರ್ಖಾನೆ ಕಟ್ಟಿ ಅಭ್ಯಾಸವಿತ್ತು. ಯಾವ ಕೆಲಸಕ್ಕೆ ಎಷ್ಟು ದಿನವೆಂದು ಬಲ್ಲರು. ಇಂಥ ಕ್ಷಿಪಣಿಯನ್ನು ಯಾರೂ ಮಾಡಿರಲಿಲ್ಲ. ಆದ್ದರಿಂದ ಪ್ರತಿ ಕೆಲಸಕ್ಕೂ ಮೂರು ಅಂದಾಜು ಕೇಳಿದರು: ಎಲ್ಲ ನೆಟ್ಟಗೆ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಸಾಮಾನ್ಯದ್ದಕ್ಕೆ ನಾಲ್ಕು ಪಾಲು, ಮಿಕ್ಕವಕ್ಕೆ ಒಂದೊಂದು ಪಾಲು ಕೊಟ್ಟು ಆರರಿಂದ ಭಾಗಿಸುವುದು. ಮೂರು, ಐದು, ಹದಿಮೂರು ದಿನ ಎಂದರೆ ಲೆಕ್ಕ ಆರು ದಿನವೆಂದು ಬರುತ್ತದೆ.

1960ರ ಜುಲೈ 20ರಂದು 'ಜಾರ್ಜ್ ವಾಷಿಂಗ್ಟನ್' ಎಂಬ ಜಲಾಂತರ್ಗಾಮಿ ನೀರಿನೊಳಗಿಂದ ಪೊಲಾರಿಸ್ಸನ್ನು ಹಾರಿಸಿತು. ಪರ್ಟ್‌ನಿಂದ ಎರಡು ವರ್ಷ ಉಳಿಯಿತೆಂಬ ಮಾತು ಎಲ್ಲೆಲ್ಲೂ ಹಬ್ಬಿತು. ಪತ್ರಿಕೆಗಳು ಬರೆದವು, ಕಾಲೇಜುಗಳು ಕಲಿಸಿದವು, ಸರ್ಕಾರದ ಗುತ್ತಿಗೆ ಬೇಕಾದರೆ ಪರ್ಟ್ ನಕ್ಷೆ ತರಬೇಕೆಂದಾಯಿತು. ನಮ್ಮ ಉಪನ್ಯಾಸಕರು ಹೇಳಿದ ಕಥೆಯೂ ಇದೇ. ನಾನು ಬಹಳ ಕಾಲ ನಂಬಿದ್ದೆ.

ಹಾರ್ವೆ ಸಪೋಲ್‌ಸ್ಕಿ ಎಂಬ ವಿದ್ವಾಂಸ ಪೊಲಾರಿಸ್ ಯೋಜನೆಯ ಇತಿಹಾಸವನ್ನು ಶೋಧಿಸಿ 1972ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದನ್ನು ಓದಿದ ಮೇಲೆ ನನ್ನ ನಂಬಿಕೆ ಕುಸಿಯಿತೆನ್ನಬೇಕು. ಕ್ಷಿಪಣಿಯನ್ನು ಹೊತ್ತಿಗೆ ಮುಗಿಸಿದ್ದು ಪರ್ಟ್ ಅಲ್ಲ ಎಂಬುದು ಅವನ ತೀರ್ಮಾನ. ಅನೇಕ ಇಂಜಿನಿಯರುಗಳು ಅದನ್ನು ಬದಿಗಿಟ್ಟು ತಮ್ಮ ಹಳೆಯ ರೀತಿಯಲ್ಲೇ ಕೆಲಸ ಮಾಡಿದ್ದರು. ಆದರೂ ಪರ್ಟ್ ನಿಷ್ಪ್ರಯೋಜಕವಾಗಿರಲಿಲ್ಲವಂತೆ. ಮೇಲಿನಿಂದ ಪ್ರಶ್ನೆ ಹಾಕಲು ಬಂದವರಿಗೆ ಗೋಡೆಯ ತುಂಬ ಬಾಣಗಳ ಜಾಲವನ್ನು ತೋರಿಸಿದರೆ ಅವರು ಬೆರಗಾಗಿ ಹಿಂದಿರುಗುತ್ತಿದ್ದರು. ಕಚೇರಿಯವರು ನಿಶ್ಚಿಂತೆಯಾಗಿ ಕೆಲಸ ಮುಂದುವರಿಸುತ್ತಿದ್ದರು. ಹೊಲದ ಬೆದರುಬೊಂಬೆ ಕಾಳು ಬೆಳೆಯುವುದಿಲ್ಲ; ಹಕ್ಕಿಗಳನ್ನು ದೂರವಿಡುತ್ತದೆ. ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ. ಹಕ್ಕಿಗಳ ಕಾಟವನ್ನು ಸರ್ಕಾರದ ಕೆಲಸ ಮಾಡಿದವರೆಲ್ಲ ಬಲ್ಲರು.

ಪರ್ಟ್‌ನ ಗಣಿತದಲ್ಲೂ ಒಂದು ಬಿರುಕಿತ್ತು. ಮೆಕ್ರಿಮ್ಮನ್, ರೈಯಾವೆಕ್ ಎಂಬಿಬ್ಬರು 1964ರಲ್ಲಿ ಅದನ್ನು ಪರಿಶೀಲಿಸಿ, ದಾರಿಗಳು ಕೂಡುವ ಕಡೆ ಈ ಲೆಕ್ಕ ಸದಾ ಅತಿ ಆಶಾವಾದಿಯಾಗುತ್ತದೆ ಎಂದು ತೋರಿಸಿದರು. ಕಣಕ ಹೊತ್ತಿಗೆ ಸಿದ್ಧವಾಗುವ ಸಂಭವ ಅರ್ಧ, ಹೂರಣ ಸಿದ್ಧವಾಗುವ ಸಂಭವವೂ ಅರ್ಧ ಎನ್ನಿ. ಎರಡೂ ಹೊತ್ತಿಗೆ ಸಿದ್ಧವಾಗುವ ಸಂಭವ ಕಾಲು ಮಾತ್ರ. ಹತ್ತು ದಾರಿಗಳು ಕೂಡುವ ಕಡೆ ಏನಾಗುತ್ತದೆಂದು ನೀವೇ ಗುಣಿಸಿ ನೋಡಿ. ಸರ್ಕಾರದ ಕಟ್ಟಡಗಳ ಉದ್ಘಾಟನೆ ಹೊತ್ತಿಗೆ ಆಗದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ.

ಮತ್ತೊಂದು ಕೊರತೆಯನ್ನು ನಮ್ಮ ಅಜ್ಜಿಯೇ ಹೇಳಿಬಿಡುತ್ತಿದ್ದಳು: ನಕ್ಷೆಯಲ್ಲಿ ಕಣಕವೂ ಹೂರಣವೂ ಬೇರೆ ಬೇರೆ ದಾರಿ, ಆದರೆ ಕಲಸುವುದಕ್ಕೂ ರುಬ್ಬುವುದಕ್ಕೂ ಇರುವುದು ಅವೇ ಎರಡು ಕೈ. ಒಬ್ಬನೇ ಮೇಸ್ತ್ರಿ ಎರಡು ಕಡೆ ಬೇಕಾದಾಗ ಬಾಣಗಳು ಏನನ್ನೂ ಹೇಳುವುದಿಲ್ಲ. ಇಸ್ರೇಲಿನ ಎಲಿಯಾಹು ಗೋಲ್ಡ್‌ರ್‍ಯಾಟ್ 1997ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಈ ಕೊರತೆಯನ್ನೇ ಎತ್ತಿಕೊಂಡು, ಜನರ ಲಭ್ಯತೆಯನ್ನೂ ಸೇರಿಸಿ ದಾರಿ ಹುಡುಕಬೇಕೆಂದ.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಪ್ರಿಯನಾದವನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್. ಗುತ್ತಿಗೆದಾರರ ಬಳಿ ಯೂನಿವ್ಯಾಕ್ ಎಲ್ಲಿಂದ ಬರಬೇಕು? ಕಾಗದ, ಪೆನ್ಸಿಲು ಇದ್ದರೆ ಸಾಕು ಎಂದು ಆತ 1961ರಲ್ಲಿ ಗಣಕಯಂತ್ರವಿಲ್ಲದ ಕ್ರಮವೊಂದನ್ನು ಬರೆದುಕೊಟ್ಟ. ಬರೆಸಿದ್ದು ಮತ್ತೆ ಅದೇ ನೌಕಾಪಡೆಯ ಕಟ್ಟಡ ವಿಭಾಗ. ಬಾಣವೇ ಕೆಲಸ ಎನ್ನುವ ಬದಲು ವೃತ್ತವೇ ಕೆಲಸ, ಗೆರೆ ಬರಿಯ ಸಂಬಂಧ ಎಂದು ಆತ ಚಿತ್ರವನ್ನು ತಿರುಗಿಸಿದ. ವಿನೋದವೆಂದರೆ, ಯಂತ್ರ ಬೇಡವೆಂದು ಮಾಡಿದ ಆ ಚಿತ್ರವೇ ಮುಂದೆ ಯಂತ್ರಗಳಿಗೂ ಒಗ್ಗಿತು. ಇಂದಿನ ಗಣಕಯಂತ್ರಗಳ ಯೋಜನಾ ತಂತ್ರಾಂಶಗಳು ನಡೆಯುವುದು ಅವನ ದಾರಿಯಲ್ಲೇ. ನಮ್ಮ ದೇಶದ ವಿದ್ಯಾರ್ಥಿಗಳಿಗೆ ಈ ಶಾಸ್ತ್ರವನ್ನು ತಿಳಿಯಾಗಿ ಬರೆದುಕೊಟ್ಟವರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ಎಸ್. ಶ್ರೀನಾಥರು ಒಬ್ಬರು. ಅವರ ಇಂಗ್ಲಿಷ್ ಪುಸ್ತಕ ಸಣ್ಣದು. ಅದು ನನ್ನ ಕೈಗೆ ಬಂದದ್ದು ತಡವಾಗಿ. ಬೇಗ ಬಂದಿದ್ದರೂ ಮುಂದೆ ಹೇಳುವ ತಪ್ಪು ತಪ್ಪುತ್ತಿತ್ತೋ ಇಲ್ಲವೋ.

1974ರಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ಹಳ್ಳಿಯ ಹುಡುಗರಿಗಾಗಿ ವಿದ್ಯಾರ್ಥಿನಿಲಯ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ಹುಡುಗರು, ಜೂನ್ ತಿಂಗಳಲ್ಲಿ ಬರುವವರು. ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲ. 62 ವೃತ್ತಗಳ ನಕ್ಷೆಯೊಂದನ್ನು ಬಣ್ಣದ ಮಸಿಯಲ್ಲಿ ಬರೆದೆ. ಪ್ರತಿ ಕೆಲಸಕ್ಕೆ ಎಷ್ಟು ದಿನವೆಂದು ಮೇಸ್ತ್ರಿಯನ್ನು ಕೂರಿಸಿಕೊಂಡು ಕೇಳಿದೆ. ಒಂದು ಗೋಡೆಗೆ ಹದಿನೈದು ದಿನ ಎಂದ. ಅದು ಎಂಟೇ ದಿನಕ್ಕೆ ಎದ್ದು ನಿಂತಿತು. ಏಕಪ್ಪಾ ಹೀಗೆ ಹೇಳಿದೆ ಎಂದರೆ, "ಎಂಟು ಅಂದರೆ ನೀವು ಐದು ಬರೆದುಕೊಳ್ಳುತ್ತೀರಿ ಸ್ವಾಮಿ. ಹದಿನೈದು ಅಂದರೆ ಎಂಟಾದರೂ ನಮಗೆ ಉಳಿಯುತ್ತದೆ" ಎಂದು ನಕ್ಕ. ಅಮೆರಿಕನ್ನರು ಮೂರು ಅಂದಾಜು ಕೇಳಿದ್ದರು. ಇವನು ಒಂದೇ ಸಂಖ್ಯೆಯಲ್ಲಿ ನನ್ನ ಸ್ವಭಾವವನ್ನೂ ಸೇರಿಸಿ ಹೇಳಿದ್ದ.

ಅದೇನೇ ಇರಲಿ, ನಕ್ಷೆ ಸೊಗಸಾಗಿತ್ತು. ಮೇಲಧಿಕಾರಿಗಳೊಬ್ಬರು ಬಂದವರು ಕಟ್ಟಡವನ್ನು ಎರಡು ನಿಮಿಷ ನೋಡಿ, ನಕ್ಷೆಯ ಮುಂದೆ ಹತ್ತು ನಿಮಿಷ ನಿಂತು, ತಮ್ಮ ಕೊಠಡಿಗೂ ಒಂದು ಪ್ರತಿ ಕಳಿಸಲು ಹೇಳಿದರು. ನನ್ನ ಕೆಂಪು ದಾರಿ ತಾರಸಿಯ ಮೇಲೆ ಹೋಗುತ್ತಿತ್ತು. ನಾನು ತಾರಸಿಯ ಬೆನ್ನು ಹತ್ತಿದೆ. ಸೆಂಟ್ರಿಂಗ್ ಹಲಗೆಗಳನ್ನು ಪಕ್ಕದ ಊರಿನಿಂದ ತರಿಸಿದೆ. ಮೇ ತಿಂಗಳ ಕೊನೆಗೆ ಸುಣ್ಣ ಬಳಿದು ಕಟ್ಟಡ ನಿಂತಿತ್ತು. ಬಾವಿ ತೋಡಿ ಆಗಿತ್ತು, ಮೇಲೆ ನೀರಿನ ತೊಟ್ಟಿ ಆಗಿತ್ತು, ಪಂಪು ಬಂದು ಕೂತಿತ್ತು. 'ಪಂಪು ಜೋಡಣೆ, 2 ದಿನ' ಎಂಬ ವೃತ್ತ ಕೊನೆಗೆ ಹತ್ತಿರದಲ್ಲಿ, ಯಾರ ಗೊಡವೆಯೂ ಇಲ್ಲದೆ, ಬೇಕಾದಷ್ಟು ಸಾವಕಾಶದೊಡನೆ ಕುಳಿತಿತ್ತು.

ವಿದ್ಯುತ್ತಿನ ಸಂಪರ್ಕಕ್ಕೆ ಅರ್ಜಿ ಹೋಗಿದ್ದದ್ದು ಆ ವಾರ. ಕಟ್ಟಡ ಮುಗಿದ ಮೇಲೆ ಅರ್ಜಿ ಹಾಕುವುದು ರೂಢಿ ಎಂದು ಗುಮಾಸ್ತರು ತಿಳಿದಿದ್ದರು. ನಾನು ಆ ವಿಷಯ ಯೋಚಿಸಿಯೇ ಇರಲಿಲ್ಲ. ತಳಪಾಯ ಹಾಕಿದ ದಿನವೇ ಹಾಕಬಹುದಾಗಿತ್ತು. ಅರ್ಜಿ ಮೇಜಿನಿಂದ ಮೇಜಿಗೆ ಹೋಗಬೇಕು, ಅಂದಾಜು ಆಗಬೇಕು, ಕಂಬಗಳು ಬರಬೇಕು; ಮೂರು ತಿಂಗಳು. ಇದರಲ್ಲಿ ಯಾರದೂ ಬೆವರಿಲ್ಲ. ಕಾಗದ ಮೇಜಿನ ಮೇಲೆ ತಟ್ಟೆ ಮುಚ್ಚಿದ ಕಣಕದ ಹಾಗೆ ನೆನೆಯುತ್ತಿರಬೇಕು, ಅಷ್ಟೆ. ನನ್ನ 62 ವೃತ್ತಗಳಲ್ಲಿ ಅದಕ್ಕೆ ಒಂದು ವೃತ್ತ ಇರಲಿಲ್ಲ. ಇಟ್ಟಿಗೆ, ಮರ, ಕಬ್ಬಿಣ ಮುಟ್ಟದ ಯಾವುದನ್ನೂ ನಾನು ಕೆಲಸವೆಂದು ಎಣಿಸಿರಲಿಲ್ಲ.

ಹುಡುಗರು ಹಾಸಿಗೆ ಸುರುಳಿ ಸುತ್ತಿಕೊಂಡು ಜೂನಿನಲ್ಲಿ ಬಂದರು. ಬಾವಿ ಆಳವಾಗಿತ್ತು; ಪಂಪು ಇರುತ್ತದೆಂದು ಅದಕ್ಕೆ ಗಡಗಡೆ ಹಾಕಿಸಿರಲಿಲ್ಲ. ಅವರು ಅರ್ಧ ಮೈಲಿ ದೂರದ ಕೆರೆಯಿಂದ ನೀರು ಹೊತ್ತರು. ಒಂದು ಸಂಜೆ ಹತ್ತು ಹನ್ನೊಂದು ವಯಸ್ಸಿನವನೊಬ್ಬ ಕೊಡವನ್ನು ಮೆಟ್ಟಿಲ ಮೇಲೆ ಇಳಿಸಿ, "ಸಾರ್, ನಲ್ಲಿ ಯಾವಾಗ ಬರುತ್ತೆ?" ಎಂದು ಕೇಳಿದ. ನಾಳೆಯೋ ನಾಡಿದ್ದೋ ಎಂದೆ. ಮಾರನೆಯ ದಿನ ಗಡಗಡೆಗೆ ಹೇಳಿಕಳಿಸಿದೆ. ಅದಕ್ಕೂ ಮಂಜೂರಾತಿ ಬೇಕಾಗಿ ಒಂಬತ್ತು ದಿನ ಹಿಡಿಯಿತು.

ವಿದ್ಯುತ್ತು ಬಂದದ್ದು ಸೆಪ್ಟೆಂಬರಿನಲ್ಲಿ. ಪಂಪನ್ನು ನಡೆಸಿ ನೋಡಲು ಹೋದವನು ಅಡುಗೆಮನೆಗೂ ಇಣುಕಿದೆ. ನನ್ನ ನಕ್ಷೆಯನ್ನು ಅಡುಗೆಯವನು ಕಪಾಟಿನ ಹಲಗೆಗೆ ಅಳತೆಯಾಗಿ ಮಡಚಿ ಹಾಸಿದ್ದ. ಮೇಲೆ ಉಪ್ಪಿನ ಜಾಡಿ, ಹುಣಿಸೆಹಣ್ಣಿನ ಡಬ್ಬಿ. ಗಟ್ಟಿ ಕಾಗದ ಸಾರ್, ಎಣ್ಣೆ ಬಿದ್ದರೂ ಇಳಿಯುವುದಿಲ್ಲ ಎಂದ.